ಹೆಸರಲ್ಲೇ ವರ್ಗೀಕರಣ: ವಿಲ್ಕಿನ್ಸ್ ಕಟ್ಟಿದ ಭಾಷೆಯಿಂದ ಒಂದು ಪಾಠ

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಜೀವಿಗಳ ವರ್ಗೀಕರಣ ಪಾಠ ಮಾಡುತ್ತಿದ್ದೆ. ನಕ್ಷತ್ರ ಮೀನನ್ನು ಮೀನುಗಳ ಗುಂಪಿಗೆ ಸೇರಿಸಿದ್ದ ವಿದ್ಯಾರ್ಥಿನಿಯ ಉತ್ತರವನ್ನು ತಪ್ಪೆಂದು ಗುರುತಿಸಿದೆ. “ಹೆಸರಲ್ಲೇ ಮೀನು ಅಂತ ಇದೆಯಲ್ಲ ಮಿಸ್?” ಎಂದಳು. “ಹೆಸರಲ್ಲ, ಲಕ್ಷಣ ನೋಡಬೇಕು” ಎಂದು ಮುಂದೆ ಹೋದೆ. ಆ ಉತ್ತರ ನನಗೇ ಸಾಲಲಿಲ್ಲ. ಹೆಸರೇ ಸರಿಯಾದ ಗುಂಪನ್ನು ತಿಳಿಸುವ ಭಾಷೆ ಇದ್ದರೆ ಈ ತೊಂದರೆ ಇರುತ್ತಿರಲಿಲ್ಲವೇ?

ಅಂಥ ಭಾಷೆಯನ್ನು ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ 1668ರಲ್ಲಿ ಪ್ರಕಟಿಸಿದರು. ಇವರು ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು. 1887ರಲ್ಲಿ ಬಂದ ಎಸ್ಪೆರಾಂಟೊ ತನ್ನ ಪದಗಳನ್ನು ಹೆಚ್ಚಾಗಿ ಯುರೋಪಿನ ಭಾಷೆಗಳಿಂದ ಪಡೆಯಿತು. ವಿಲ್ಕಿನ್ಸ್ ಹಾಗೆ ಮಾಡಲಿಲ್ಲ. ಜಗತ್ತಿನ ಎಲ್ಲವನ್ನೂ 40 ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗಕ್ಕೂ ಒಂದು ಹೊಸ ಉಚ್ಚಾರ ಕೊಟ್ಟರು. ‘ದೆ’ ಎಂದರೆ ಬೆಂಕಿ, ಗಾಳಿ, ನೀರು ಮೊದಲಾದ ಮೂಲವಸ್ತುಗಳ ವರ್ಗ. ‘ದೆಬ್’ ಎಂದರೆ ಬೆಂಕಿ. ‘ದೆಬ’ ಎಂದರೆ ಜ್ವಾಲೆ. ಒಂದೊಂದು ಅಕ್ಷರ ಸೇರಿದಂತೆ ಅರ್ಥ ಖಚಿತವಾಗುತ್ತದೆ.

ಆದರೆ ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಹತ್ತಿರದ ವಸ್ತುಗಳ ಹೆಸರುಗಳೂ ತೀರ ಹತ್ತಿರವಾಗುತ್ತವೆ. ಟ್ಯೂಲಿಪ್ ‘ಗಾಪೆ’, ಬಾರ್ಲಿ ‘ಗಾದೆ’ (ನಮ್ಮ ಗಾದೆಗೂ ಇದಕ್ಕೂ ಸಂಬಂಧವಿಲ್ಲ). ವಿಲ್ಕಿನ್ಸರ ಪುಸ್ತಕದಲ್ಲೇ ಒಂದು ಕಡೆ ಇವು ಅದಲುಬದಲಾಗಿವೆ. ಎರಡನೆಯದು, ತಿಳಿವಳಿಕೆ ಬದಲಾದರೆ ಹೆಸರೂ ಬದಲಾಗಬೇಕು. ವಿಲ್ಕಿನ್ಸ್ ತಿಮಿಂಗಿಲವನ್ನು ಮರಿ ಹಾಕುವ ಮೀನೆಂದು ವರ್ಗೀಕರಿಸಿದ್ದರು. 1758ರಲ್ಲಿ ಲಿನೇಯಸ್ ಅದನ್ನು ಸಸ್ತನಿಗಳಿಗೆ ಸೇರಿಸಿದರು. ಆಗ ವಿಲ್ಕಿನ್ಸರ ಭಾಷೆಯಲ್ಲಿ ಆ ಪದವೇ ಸುಳ್ಳಾಯಿತು. ನಮ್ಮ ‘ತಿಮಿಂಗಿಲ’ಕ್ಕೆ ಅಂಥ ಅಪಾಯವಿಲ್ಲ.

ಮುಂದಿನ ತರಗತಿಯಲ್ಲಿ ಮಕ್ಕಳಿಗೆ ಕಂಪಾಸ್ ಬಾಕ್ಸಿನ ವಸ್ತುಗಳಿಗೆ ಹೀಗೆಯೇ ಹೆಸರು ಕಟ್ಟಲು ಹೇಳಿದೆ. ಬರೆಯುವವು ‘ಕಿ’, ಅಳಿಸುವವು ‘ಮು’, ಅಳೆಯುವವು ‘ತೊ’ ಎಂದು ಬೇಗ ಒಪ್ಪಿಕೊಂಡರು. ತುದಿಯಲ್ಲಿ ರಬ್ಬರ್ ಇರುವ ಪೆನ್ಸಿಲ್ ಬಂದಾಗ ಜಗಳ ಶುರುವಾಯಿತು. ಕೆಲವರು ‘ಕಿ’ ಎಂದರು, ಕೆಲವರು ‘ಮು’. ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗಿ, “ಗುಂಪು ಮಾಡೋ ನಿಯಮ ಮೊದಲು ಸರಿ ಮಾಡಬೇಕು ಮಿಸ್, ಹೆಸರು ಆಮೇಲೆ” ಎಂದಳು.

ಅಲ್ಲಿಂದ ನಕ್ಷತ್ರ ಮೀನಿಗೆ ಮರಳಿದೆವು. ಬೆನ್ನುಮೂಳೆ, ಕಿವಿರು, ಈಜುರೆಕ್ಕೆ ಇವೆಯೇ ಎಂದು ಮಕ್ಕಳೇ ಒಂದೊಂದಾಗಿ ಪರಿಶೀಲಿಸಿ ಅದನ್ನು ಮೀನಿನ ಪಟ್ಟಿಯಿಂದ ತೆಗೆದರು. ಈಗ ನನ್ನ ಪಾಠ ಯೋಜನೆಯಲ್ಲಿ ಈ ಚಟುವಟಿಕೆಯನ್ನು ವ್ಯಾಖ್ಯೆಗಿಂತ ಮೊದಲೇ ಇಟ್ಟಿದ್ದೇನೆ. ಇದಕ್ಕೆ ಹದಿನೈದು ನಿಮಿಷ ಸಾಕು.