ಬಂಗಾರ ಅಲ್ಲ, ಭಂಗಾರ: ಹಳೇ ಪೈಪಿನ ತೂಕ, ಒಡೆಯೋ ರೀತಿ

ಬೆಳಗಾವಿಯಲ್ಲಿ ಗುಜರಿಗೆ ‘ಭಂಗಾರ’ ಅಂತಾರ. ಹೊರಗಿನಿಂದ ಬಂದ ಗೆಳೆಯರು ಅದನ್ನ ಬಂಗಾರ ಅಂತ ಕೇಳಿಸ್ಕೊಂಡು ಕಣ್ಣರಳಿಸೋದುಂಟು.

ಖಾನಾಪುರ ಕಡೆಯ ಒಬ್ಬ ರೈತ ಹಳೇ ಪಂಪ್‌ಸೆಟ್ಟಿನ 4 ಇಂಚಿನ ಉಕ್ಕಿನ ಪೈಪು ಮಾರಾಕ ತೆಗೆದಾನ ಅಂದ್ಕೊಳ್ರಿ. 6 ಮೀಟರಿನವು 20. ಹೊಲಕ್ಕೇ ಟೆಂಪೋ ತಂದ ವ್ಯಾಪಾರಿ ‘ಒಟ್ಟು ಮಾಲಿಗೆ ಇಷ್ಟು’ ಅಂತಾನ. ಹತ್ತಿರದಾಗ ಕಾಟಾ ಇಲ್ಲ. ಒಪ್ಪಬೇಕೋ ಬ್ಯಾಡೋ?

ಪೈಪನ್ನು ಉದ್ದಕ್ಕೆ ಸೀಳಿ ಹಾಸಿದರೆ ಅದೊಂದು ಪಟ್ಟಿ, ಅಷ್ಟೇ. ಪಟ್ಟಿಯ ಅಗಲ ಅಂದ್ರ ಹೊರವ್ಯಾಸದಿಂದ ದಪ್ಪ ಕಳೆದು 3.14ರಿಂದ ಗುಣಿಸಿದ್ದು. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆಜಿ. ಎಲ್ಲಾ ಸೇರಿಸಿದರೆ ಸೂತ್ರ ಹಿಂಗಾಗ್ತದ: (ಹೊರವ್ಯಾಸ − ದಪ್ಪ) × ದಪ್ಪ × 0.02466. ಅಳತೆ ಮಿ.ಮೀ.ನಲ್ಲಿ, ಉತ್ತರ ಮೀಟರಿಗೆ ಇಷ್ಟು ಕೆಜಿ ಅಂತ.

ಎಡವೋದು ‘4 ಇಂಚು’ ಅನ್ನೋ ಹೆಸರಿನಲ್ಲಿ. ಅದರ ಹೊರವ್ಯಾಸ 100 ಮಿ.ಮೀ. ಅಲ್ಲ, 114.3. ದಪ್ಪ 4.5 ಇದ್ದರೆ ಮೀಟರಿಗೆ 12.2 ಕೆಜಿ, 120 ಮೀಟರಿಗೆ ಸುಮಾರು 1460 ಕೆಜಿ. 100 ಅಂತ ಹಿಡಿದರೆ 190 ಕೆಜಿ ಲೆಕ್ಕದಿಂದಲೇ ಮಾಯ! ವರ್ನಿಯರ್ ಇಲ್ಲದಿದ್ದರೆ ಪೈಪಿಗೆ ದಾರ ಸುತ್ತಿ, ಉದ್ದವನ್ನ 3.14ರಿಂದ ಭಾಗಿಸ್ರಿ. ದಪ್ಪವನ್ನ ಮಾತ್ರ ತುದಿಯಲ್ಲಿ ನಾಲ್ಕು ಕಡೆ, ತುಕ್ಕು ಕೆರೆದು ಅಳೀಬೇಕು. ಒಳಗಡೆ ಅರ್ಧ ಮಿ.ಮೀ. ತುಕ್ಕು ತಿಂದಿದ್ದರೆ ಸುಮಾರು 155 ಕೆಜಿ ಹೋಯ್ತು. ಅಷ್ಟರಮಟ್ಟಿಗೆ ವ್ಯಾಪಾರಿಯ ಮಾತೂ ಖರೆ.

ಊರಿನ ಹಳೇ ನೀರಿನ ಲೈನಿನ ಪೈಪು ಬೀಡಿನದ್ದಾದರೆ ಸಾಂದ್ರತೆ 7150ರ ಆಸುಪಾಸು, ಗುಣಕ 0.0225. ಕೊನೆಯ ಅಗಲ ಬಾಯಿಯ ತೂಕ ಬ್ಯಾರೆ ಕೂಡಿಸ್ರಿ.

ಬೆಳಗಾವಿಗೆ ಬೀಡು ಹೊಸದಲ್ಲ. ಖಾನಾಪುರ ರಸ್ತೆಯ ಉದ್ಯಮಬಾಗದಾಗ ಫೌಂಡ್ರಿಗಳು ಅವ. ಆದರೆ ಉದ್ದ ಪೈಪನ್ನ ಹಂಗೇ ಕುಲುಮೆಗೆ ಹಾಕಾಕ ಆಗೂದಿಲ್ಲ. ಕ್ಯೂಪೋಲಾಕ್ಕೆ ಹಾಕುವ ತುಂಡು ಅದರ ಒಳವ್ಯಾಸದ ಮೂರನೇ ಒಂದು ಭಾಗ ಮೀರಬಾರದು ಅಂತ ರೂಢಿ. ಮೀರಿದರೆ ಅಡ್ಡ ಸಿಕ್ಕು ಮೇಲಿನ ಮಾಲು ಇಳಿಯೋದೇ ಇಲ್ಲ.

ಬೀಡು ಬಾಗೂದಿಲ್ಲ, ಒಡೀತದ. ಅದರೊಳಗಿನ ಗ್ರಾಫೈಟ್ ಪದರಗಳೇ ಬಿರುಕಿಗೆ ದಾರಿ. ಎರಡು ದಿಮ್ಮಿ ಮೇಲಿಟ್ಟು, ಸುತ್ತಲೂ ಉಳಿಯಿಂದ ಗೆರೆ ಹಾಕಿ, ನಡುವೆ ದೊಡ್ಡ ಸುತ್ತಿಗೆಯಿಂದ ಹೊಡೆದರೆ ಸಾಕು. ಚೂರು ಗುಂಡಿನಂಗ ಹಾರ್ತಾವ. ಗೋಣಿಚೀಲ ಹೊದಿಸಬೇಕು, ಕನ್ನಡಕ ಹಾಕಲೇಬೇಕು. ಹೊಡೆದಾಗ ಬರೇ ತಗ್ಗು ಬಿದ್ದರೆ ಅದು ಉಕ್ಕು ಇಲ್ಲವೇ ಡಕ್ಟೈಲ್ ಕಬ್ಬಿಣ, ಕತ್ತರಿಸಲೇಬೇಕು. ಸತು ಲೇಪದ ಪೈಪನ್ನ ಗ್ಯಾಸಿನಿಂದ ಕತ್ತರಿಸುವಾಗ ಏಳೋ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಡದೆ, ಪಕ್ಕಕ್ಕೆ ನಿಂತು ಮಾಡ್ರಿ. ಎರಡೂ ಬಾಯಿ ಮುಚ್ಚಿದ ತುಂಡು ಕುಲುಮೆಗೆ ಹೋಗಕೂಡದು. ಒಳಗೆ ನೀರಿದ್ದರೆ ಆವಿಯಾಗಿ ಸಿಡೀತದ.

ಹಳೇ ಬೀಡಿನ ಪೈಪಿನ ಜೋಡಣೆಯೊಳಗೆ ಸೀಸ ತುಂಬಿರ್ತಾರ. ಅದು ಕರಗಿದ ಬೀಡಿನೊಳಗೆ ಸ್ವಲ್ಪ ಬೆರೆತರೂ ಎರಕದ ಬಲ ಕುಂದ್ತದ, ಹೊಗೆಯೂ ವಿಷ. ಕಾಯಿಸದೆ, ಉಳಿಯಿಂದ ಕೆತ್ತಿ ತೆಗೆದು ಬ್ಯಾರೇನೇ ತೂಗಿಸ್ರಿ. ಕಬ್ಬಿಣಕ್ಕಿಂತ ಸೀಸಕ್ಕ ರೇಟು ಭಾಳ ಹೆಚ್ಚು.