ಹೊಸ್ತಿಲ ಮೇಲಿನ ಕೊಲೆಗೆ ಚಪ್ಪಾಳೆ ಏಕೆ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ದೊಡ್ಡ ವಿಗ್ರಹಗಳೇ ಸುಮಾರು 240 ಇವೆ. ನರ್ತಕಿಯರು, ವೇಣುಗೋಪಾಲ, ಗೋವರ್ಧನ ಎತ್ತಿದ ಕೃಷ್ಣ ಎಲ್ಲರನ್ನೂ ನೋಡುತ್ತ ಜಗತಿಯ ಮೇಲೆ ಸುತ್ತು ಬರುವವರಿಗೆ ಇದ್ದಕ್ಕಿದ್ದಂತೆ ಎದುರಾಗುತ್ತಾನೆ ಉಗ್ರನರಸಿಂಹ. ತೊಡೆಯ ಮೇಲೆ ಹಿರಣ್ಯಕಶಿಪು ಅಂಗಾತ ಬಿದ್ದಿದ್ದಾನೆ. ಹೊಟ್ಟೆ ಬಗೆದಿದೆ. ಈಚೆಗೆಳೆದ ಕರುಳು ಹೂಮಾಲೆಯ ಹಾಗೆ ಇಳಿಬಿದ್ದಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗುತ್ತ ತಾಗುತ್ತ ಗಟ್ಟಿಯಾಗುತ್ತದೆ. ಹಾಗಾಗಿ ಕಿವಿಯೋಲೆಗೆ ಕೊಟ್ಟಷ್ಟೇ ಮುತುವರ್ಜಿಯನ್ನು ಶಿಲ್ಪಿ ಕರುಳಿಗೂ ಕೊಡಬಲ್ಲವನಾಗಿದ್ದ.

ಈ ವಿಗ್ರಹದ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಮನುಷ್ಯರ ಪ್ರತಿಕ್ರಿಯೆಗಳ ಸಂತೆಯೇ ಸಿಗುತ್ತದೆ. ಶಾಲಾ ಪ್ರವಾಸದ ಹುಡುಗರು ‘ಲೋ, ಕರುಳು ನೋಡೋ’ ಎಂದು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅಮ್ಮನ ಸೊಂಟದ ಮೇಲಿನ ಕೂಸು ಮುಖ ತಿರುಗಿಸುತ್ತದೆ. ವಯಸ್ಸಾದ ಹೆಂಗಸು ಕೈಮುಗಿಯುತ್ತಾಳೆ. ವಿದೇಶದಿಂದ ಬಂದವರು ಗೈಡನ್ನು ಕೇಳುತ್ತಾರೆ: ‘ದೇವರು ಯಾಕೆ ಹೀಗೆ ಮಾಡಿದ?’ ಕಲ್ಲು ಒಂದೇ. ಹೆದರಿಕೆ, ಹೇಸಿಗೆ, ಖುಷಿ, ಭಕ್ತಿ ಎಲ್ಲ ಅದರ ಮುಂದೆಯೇ ಹುಟ್ಟುತ್ತವೆ.

ನರಸಿಂಹನ ಕಥೆಯನ್ನು ಇಂದಿನ ಚಿತ್ರರಂಗದ ಮಾತಿನಲ್ಲಿ ಹೇಳಿದರೆ ಅದು ಸೇಡಿನ ಹಾರರ್. ಸೇಡೂ ಒಂದಲ್ಲ, ಎರಡು. ವರಾಹನಾಗಿ ಬಂದು ತನ್ನ ತಮ್ಮ ಹಿರಣ್ಯಾಕ್ಷನನ್ನು ಕೊಂದನೆಂದು ಹಿರಣ್ಯಕಶಿಪು ವಿಷ್ಣುವಿನ ಮೇಲೆ ಹಲ್ಲು ಮಸೆಯುತ್ತಾನೆ. ವಿಷ್ಣುಭಕ್ತನಾದ ಮಗ ಪ್ರಹ್ಲಾದನನ್ನು ಹಿಂಸಿಸಿದ್ದಕ್ಕೆ ಕೊನೆಯಲ್ಲಿ ತಾನೇ ಸಾಯುತ್ತಾನೆ. ಸಾಯುವ ರೀತಿಯಂತೂ ಕನಸಿನ ತರ್ಕದ್ದು. ಮನುಷ್ಯನಲ್ಲ ಮೃಗವಲ್ಲ, ಒಳಗಲ್ಲ ಹೊರಗಲ್ಲ, ಹಗಲಲ್ಲ ರಾತ್ರಿಯಲ್ಲ; ಕಂಬ ಒಡೆದು ಬಂದವನು ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ, ಆಯುಧವಿಲ್ಲದೆ ಉಗುರಿನಿಂದ ಕೊಲ್ಲುತ್ತಾನೆ. ನಮ್ಮ ತಲೆ ಲೋಕವನ್ನು ವಿಂಗಡಿಸಿಟ್ಟುಕೊಂಡ ಗೆರೆಗಳನ್ನೆಲ್ಲ ಈ ಒಂದು ದೃಶ್ಯ ದಾಟುತ್ತದೆ.

ಕನ್ನಡದ ಪ್ರೇಕ್ಷಕರು ಇದನ್ನು ತೆರೆಯ ಮೇಲೂ ಕಂಡಿದ್ದಾರೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. 2025ರ ಜುಲೈಯಲ್ಲಿ ಅಶ್ವಿನ್ ಕುಮಾರ್ ನಿರ್ದೇಶನದ ಅನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಥಿಯೇಟರುಗಳಲ್ಲಿ ಜನ ಜಯಕಾರ ಹಾಕಿದರು, ಭಜನೆ ಹಾಡಿದರು, ಚಪ್ಪಾಳೆ ತಟ್ಟಿದರು. ಹೊಟ್ಟೆ ಬಗೆಯುವ ದೃಶ್ಯಕ್ಕೆ ಚಪ್ಪಾಳೆ! ಬೀದಿಯಲ್ಲಿ ಒಬ್ಬನ ಮಂಡಿ ತರಚಿ ರಕ್ತ ಬಂದರೆ ‘ಅಯ್ಯೋ’ ಎನ್ನುವ ಜನವೇ ಇವರು.

ಹೀಗಾಗುವುದು ರಕ್ತದ ಪ್ರಮಾಣದಿಂದಲ್ಲ. ಕಥೆಯ ಉದ್ದಕ್ಕೂ ಯಾರು ಯಾರಿಗೆ ಏನು ಮಾಡಿದರು ಎಂಬ ಲೆಕ್ಕವನ್ನು ನೋಡುಗ ಇಟ್ಟುಕೊಳ್ಳುತ್ತಾನೆ. ಬೆಟ್ಟದಿಂದ ತಳ್ಳಿಸಿದ್ದು, ಆನೆಯ ಕಾಲಿಗೆ ಹಾಕಿಸಿದ್ದು, ವಿಷ ಕುಡಿಸಿದ್ದು, ಎಲ್ಲವೂ ಆ ಲೆಕ್ಕದಲ್ಲಿ ಬಾಕಿ ಉಳಿದಿರುತ್ತದೆ. ಈ ಲೆಕ್ಕ ಎಷ್ಟು ಚಿಕ್ಕಂದಿನಲ್ಲೇ ಶುರುವಾಗುತ್ತದೆ ಎಂಬುದನ್ನು ಡಾಲ್ಫ್ ಜಿಲ್‌ಮನ್ ಮತ್ತು ಜೆನ್ನಿಂಗ್ಸ್ ಬ್ರಯಂಟ್ 1975ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಮಕ್ಕಳಿಗೆ ಒಂದೇ ಕಾಲ್ಪನಿಕ ಕಥೆಯ ಮೂರು ರೂಪ ತೋರಿಸಿದರು. ಒಂದರಲ್ಲಿ ಕೆಟ್ಟವನಿಗೆ ತಪ್ಪಿಗಿಂತ ಕಡಿಮೆ ಶಿಕ್ಷೆ, ಇನ್ನೊಂದರಲ್ಲಿ ತಪ್ಪಿಗೆ ತಕ್ಕಷ್ಟು, ಮತ್ತೊಂದರಲ್ಲಿ ಅತಿಯಾದದ್ದು. ಏಳೆಂಟು ವರ್ಷದವರಿಗೆ ತಕ್ಕಷ್ಟು ಶಿಕ್ಷೆಯ ಕಥೆ ಹಿಡಿಸಿತು. ನಾಲ್ಕು ವರ್ಷದವರಿಗೆ ಶಿಕ್ಷೆ ಹೆಚ್ಚಿದಷ್ಟೂ ಖುಷಿ. ಅಂದರೆ ‘ಸಾಕು, ಇಷ್ಟು ಬೇಡ’ ಎನ್ನುವುದು ನಾವು ಆಮೇಲೆ ಕಲಿತದ್ದು. ಸೇಡಿನ ಸಿನಿಮಾ ಮಾಡುವವರು ಕೆಲವೊಮ್ಮೆ ನಮ್ಮೊಳಗಿನ ಏಳು ವರ್ಷದವನನ್ನು ಹೊರಗೆ ಕಳಿಸಿ ನಾಲ್ಕು ವರ್ಷದವನಿಗೆ ಟಿಕೆಟ್ ಮಾರುತ್ತಾರೆ.

ಮಿದುಳಿನೊಳಗೆ ಇಣುಕಿದವರೂ ಇದ್ದಾರೆ. ಜ್ಯೂರಿಕ್‌ನ ವಿಜ್ಞಾನಿಗಳು 2004ರಲ್ಲಿ ಹಣದ ಆಟವೊಂದನ್ನು ಆಡಿಸಿ, ಮೋಸ ಹೋದವರು ಮೋಸಗಾರನಿಗೆ ದಂಡ ಹಾಕುವಾಗ ಅವರ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿದರು. ಇಷ್ಟದ ಫಲ ಸಿಗುವಾಗ ಚುರುಕಾಗುವ ಸ್ಟ್ರೈಯೇಟಮ್ ಎಂಬ ಒಳಭಾಗ ಆಗಲೂ ಚುರುಕಾಗಿತ್ತು. ಎರಡು ವರ್ಷಗಳ ನಂತರ ಲಂಡನ್ನಿನಲ್ಲಿ ಟಾನಿಯಾ ಸಿಂಗರ್ ಮತ್ತು ಸಂಗಡಿಗರು 16 ಗಂಡಸರು, 16 ಹೆಂಗಸರ ಮೇಲೆ ಇನ್ನೊಂದು ಪ್ರಯೋಗ ನಡೆಸಿದರು. ಆಟದಲ್ಲಿ ನ್ಯಾಯವಾಗಿ ನಡೆದುಕೊಂಡವನ ಕೈಗೆ ವಿದ್ಯುತ್ತಿನ ಚುರುಕು ಮುಟ್ಟಿಸಿದಾಗ ನೋಡುತ್ತಿದ್ದವರ ಮಿದುಳಿನಲ್ಲೂ ನೋವಿಗೆ ಸಂಬಂಧಿಸಿದ ಭಾಗಗಳು ಮಿಡಿದವು. ಮೋಸ ಮಾಡಿದವನಿಗೆ ಮುಟ್ಟಿಸಿದಾಗ? ಹೆಂಗಸರಲ್ಲಿ ಆ ಮಿಡಿತ ಸ್ವಲ್ಪವಷ್ಟೇ ತಗ್ಗಿತು. ಗಂಡಸರಲ್ಲಿ ಗಣನೀಯವಾಗಿ ಕುಗ್ಗಿತು, ಜತೆಗೆ ಸಂತೋಷದ ಕೇಂದ್ರವೊಂದು ಎಚ್ಚೆತ್ತಿತು. ಆ ಎಚ್ಚರವೂ ಸೇಡಿನ ಆಸೆ ಹೆಚ್ಚಿದ್ದವರಲ್ಲೇ ಹೆಚ್ಚು. ಮೂವತ್ತೆರಡು ಜನರಿಂದ ಇಡೀ ಗಂಡುಕುಲದ ಬಗ್ಗೆ ತೀರ್ಪು ಕೊಡಬೇಕಿಲ್ಲ. ಆದರೆ ಅನುಕಂಪದ ನಲ್ಲಿಯನ್ನು ನ್ಯಾಯದ ಲೆಕ್ಕ ತಿರುಗಿಸಬಲ್ಲದು ಎಂಬುದು ಗಮನಿಸಬೇಕಾದ ಮಾತು.

ಆ ಲೆಕ್ಕ ತಪ್ಪಿದರೆ ಖುಷಿಯೂ ಕೆಡುತ್ತದೆ. ‘ಭಕ್ತ ಪ್ರಹ್ಲಾದ’ದಲ್ಲಿ ಸಾಯುವವನು ರಾಜ್‌ಕುಮಾರ್; ಅಭಿಮಾನಿಯ ಮನಸ್ಸು ಎರಡು ಹೋಳಾಗದೆ ವಿಧಿಯಿಲ್ಲ. ಆ ಚಿತ್ರದ ನಿರ್ದೇಶಕ ವಿಜಯ್ ಅವರೇ 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಮಾಡಿದ್ದರು. ಅಲ್ಲಿ ಸೇಡು ಇರುವುದು ದೆವ್ವದ ಕಡೆ. ಅದೇ ಕಪ್ಪು ರಾತ್ರಿ, ಅದೇ ಚೀರಾಟ, ಆದರೆ ಚಪ್ಪಾಳೆ ಬೀಳುವುದು ಸೇಡು ತೀರಿದಾಗಲ್ಲ, ತಡೆದಾಗ. 2004ರ ‘ಆಪ್ತಮಿತ್ರ’ ಇನ್ನೂ ಜಾಣ ಚಿತ್ರ. ಸೇಡಿಗೆ ಕಾದ ನಾಗವಲ್ಲಿಯೇ ತಾನೆಂದು ನಂಬಿದ ಹೆಣ್ಣಿಗೆ ಮನೋವೈದ್ಯ ಕೊಲ್ಲಲು ಒಂದು ಬೊಂಬೆಯನ್ನು ಕೊಟ್ಟು ಸೇಡನ್ನು ತೀರಿಸಿಬಿಡುತ್ತಾನೆ. (ಮನೋವೈದ್ಯರ ಆಸ್ಪತ್ರೆಯಲ್ಲಿ ಇಂಥ ಚಿಕಿತ್ಸೆ ಇಲ್ಲ, ಯಾರೂ ಹುಡುಕಿಕೊಂಡು ಹೋಗಬೇಡಿ.)

ಇನ್ನು ಹೆದರಿಕೆಯ ವಿಚಾರ. ಅರಸೀಕೆರೆ, ತಿಪಟೂರು ಸೀಮೆಯ ಮೂಡಲಪಾಯ ಯಕ್ಷಗಾನದ ಆಟ ನೋಡಿದವರಿಗೆ ಗೊತ್ತು: ರಾಕ್ಷಸನಿಗಿಂತ ರಾಕ್ಷಸ ಬರುವ ಮುಂಚಿನ ಗಳಿಗೆ ಭಾರಿ. ಅಬ್ಬರ ಮೊದಲು ಬರುತ್ತದೆ, ಮುಖ ಆಮೇಲೆ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರು ಹಾರರ್ ಚಿತ್ರಗಳನ್ನು ಸ್ಕ್ಯಾನರಿನೊಳಗೆ ತೋರಿಸಿ 2020ರಲ್ಲಿ ಕಂಡದ್ದೂ ಇಂಥದ್ದನ್ನೇ. ‘ಏನೋ ಆಗಲಿದೆ’ ಎಂಬ ಆತಂಕ ಏರುವಾಗ ನೋಡುವ, ಕೇಳುವ ಭಾಗಗಳು ಚುರುಕಾಗುತ್ತವೆ, ಸುಳಿವಿಗೆ ಕಾದು ಕೂರುತ್ತವೆ. ದಿಢೀರ್ ಆಘಾತವಾದಾಗ ಕೆಲಸ ಮಾಡುವ ಜಾಲ ಬೇರೆ. ಅಪಾಯವನ್ನು ತೂಗಿ, ಏನು ಮಾಡಬೇಕೆಂದು ತೀರ್ಮಾನಿಸುವುದು ಅದು.

ಎಷ್ಟು ಹೆದರಿದರೆ ಮಜಾ? ಡೆನ್ಮಾರ್ಕಿನಲ್ಲಿ ‘ದೆವ್ವದ ಮನೆ’ಯೊಂದಕ್ಕೆ ಟಿಕೆಟ್ ಕೊಂಡು ಬಂದ 110 ಜನರ ಎದೆಬಡಿತ ಅಳೆದು ಆರ್ಹಸ್ ವಿಶ್ವವಿದ್ಯಾಲಯದ ತಂಡ ಇದಕ್ಕೆ ಉತ್ತರ ಹುಡುಕಿತು. ತೀರಾ ಕಡಿಮೆ ಹೆದರಿದವರಿಗೂ ಖುಷಿಯಿಲ್ಲ, ತೀರಾ ಹೆದರಿದವರಿಗೂ ಇಲ್ಲ. ನಡುವೆ ಒಂದು ಹದ. ಆ ಹದ ಒಬ್ಬೊಬ್ಬರಿಗೆ ಒಂದೊಂದು ಕಡೆ ಸಿಗುತ್ತದೆ. ಒಂದೇ ಸಾಲಿನಲ್ಲಿ ಕೂತ ಇಬ್ಬರಲ್ಲಿ ಒಬ್ಬ ಸಿಳ್ಳೆ ಹಾಕಿ ಇನ್ನೊಬ್ಬ ಎದ್ದು ಹೋಗುವುದಕ್ಕೆ ಇದೊಂದು ಕಾರಣ.

ಇಲ್ಲಿ ಕಲ್ಲಿಗೂ ತೆರೆಗೂ ಒಂದು ದೊಡ್ಡ ವ್ಯತ್ಯಾಸ ಬರುತ್ತದೆ. ಹಳೇಬೀಡಿನಲ್ಲಿ ಹದ ನಿಮ್ಮ ಕಾಲಲ್ಲಿದೆ. ಬೇಡವೆನಿಸಿದರೆ ಎರಡು ಹೆಜ್ಜೆ ಮುಂದೆ ಹೋದರಾಯಿತು, ಅಲ್ಲಿ ನರ್ತಕಿಯಿದ್ದಾಳೆ. ಸಿನಿಮಾದಲ್ಲಿ ಕಣ್ಣಿನ ಕಡಿವಾಣ ನಿರ್ದೇಶಕನ ಕೈಯಲ್ಲಿ. ಯೂರಿ ಹ್ಯಾಸನ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಅಳೆದರು. ಹಿಚ್‌ಕಾಕ್‌ನ ಟೀವಿ ಕಥೆಯೊಂದನ್ನು ನೋಡಿದವರ ಮಿದುಳಿನ ಹೊರಪದರದಲ್ಲಿ ಶೇ. 65ಕ್ಕೂ ಹೆಚ್ಚು ಭಾಗ ಎಲ್ಲರಲ್ಲೂ ಒಂದೇ ತಾಳದಲ್ಲಿ ಏರಿಳಿಯಿತು. ಉದ್ಯಾನವನವೊಂದರಲ್ಲಿ ಕ್ಯಾಮೆರಾ ಇಟ್ಟು ಸುಮ್ಮನೆ ತೆಗೆದ ಚಿತ್ರಕ್ಕೆ ಹೀಗಾದದ್ದು ಶೇ. 5ಕ್ಕಿಂತ ಕಡಿಮೆ. ಬಿಗಿಯಾಗಿ ಕಟ್ಟಿದ ಚಿತ್ರ ನೂರಾರು ತಲೆಗಳನ್ನು ಒಟ್ಟಿಗೆ ಎಳೆದೊಯ್ಯುತ್ತದೆ. ಕಣ್ಣು ಮುಚ್ಚಿಕೊಳ್ಳುವುದೊಂದೇ ನಮಗುಳಿದ ಸ್ವಾತಂತ್ರ್ಯ. ಕಿವಿಗೆ ಅದೂ ಇಲ್ಲ.

ದೇಹವೂ ಇದೆಲ್ಲವನ್ನು ನಿಜವೆಂದೇ ತಿಳಿಯುತ್ತದೆ. ನೆದರ್ಲೆಂಡ್ಸಿನ ಲೈಡನ್‌ನಲ್ಲಿ 24 ಆರೋಗ್ಯವಂತ ಯುವಜನರಿಗೆ ಒಂದು ಹಾರರ್ ಚಿತ್ರವನ್ನೂ ಒಂದು ಸಪ್ಪೆ ಸಾಕ್ಷ್ಯಚಿತ್ರವನ್ನೂ ತೋರಿಸಿ ಮುಂಚೆ, ಆಮೇಲೆ ರಕ್ತ ತೆಗೆದರು. ಹಾರರ್ ನೋಡಿದಾಗ ರಕ್ತ ಹೆಪ್ಪುಗಟ್ಟಿಸುವ ಎಂಟನೇ ಅಂಶ ಏರಿತ್ತು. ಗಾಯವಾದೀತೆಂದು ದೇಹ ಮುಂಚಿತವಾಗಿ ಸಿದ್ಧವಾದ ಹಾಗೆ. ಆದರೆ ನಿಜವಾದ ಹೆಪ್ಪು ಕಟ್ಟಿದ ಲಕ್ಷಣ ಕಾಣಲಿಲ್ಲ, ಆದ್ದರಿಂದ ಗಾಬರಿ ಬೇಡ. ಕೆಲವರಿಗೆ ಮಾತ್ರ ಬೇರೆಯೇ ಆಗುತ್ತದೆ. ಉಳಿದ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ. ರಕ್ತ ಕಂಡರಾಗದವರಲ್ಲಿ ಅದು ಒಮ್ಮೆ ಏರಿ ಆಮೇಲೆ ದಡಕ್ಕನೆ ಇಳಿಯುತ್ತದೆ, ತಲೆ ಸುತ್ತಿ ಬೀಳುತ್ತಾರೆ. ಇದು ಪುಕ್ಕಲುತನವಲ್ಲ, ನರದ ಸ್ವಭಾವ. ತೋಳು, ಹೊಟ್ಟೆ, ತೊಡೆಯ ಸ್ನಾಯುಗಳನ್ನು ಬಿಗಿಹಿಡಿದರೆ ಒತ್ತಡ ಇಳಿಯದಂತೆ ತಡೆಯಬಹುದೆಂದು ಸ್ವೀಡನ್ನಿನ ಲಾರ್ಸ್-ಯೋರನ್ ಓಸ್ಟ್ ತೋರಿಸಿಕೊಟ್ಟ ಉಪಾಯ ಇಂದೂ ಬಳಕೆಯಲ್ಲಿದೆ.

ಇನ್ನು ಉಳಿದದ್ದು ಆ ಕನಸಿನ ತರ್ಕ. ಹಳೇಬೀಡಿನ ಪಟ್ಟಿಕೆಗಳಲ್ಲಿ ಓಡುವ ಮಕರವನ್ನೇ ನೋಡಿ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ. ಅಸಂಗತ ಎಂದು ನಮಗನಿಸುವುದೇ ಇಲ್ಲ, ಕಂಡು ಕಂಡು ಕಣ್ಣಿಗೆ ಪಳಗಿದೆ. ಪಳಗದ ಅಸಂಗತ ಎದುರಾದರೆ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇನಿಯಲ್ ರ‍್ಯಾಂಡಲ್ಸ್ ಮತ್ತು ಸಂಗಡಿಗರ 2013ರ ಪ್ರಯೋಗ ಇಲ್ಲಿ ಸೊಗಸಾಗಿ ಕೂರುತ್ತದೆ. ಕೆಲವರಿಗೆ ಡೇವಿಡ್ ಲಿಂಚ್‌ನ ‘ರ‍್ಯಾಬಿಟ್ಸ್’ ಚಿತ್ರದ ತುಣುಕು ತೋರಿಸಿದರು. ಮೊಲದ ತಲೆಯ ಮನುಷ್ಯರು ಒಂದು ಕೋಣೆಯಲ್ಲಿ ಸಂಬಂಧವಿಲ್ಲದ ಮಾತಾಡುತ್ತಾರೆ, ನಗುವ ಮಾತಿಲ್ಲದ ಕಡೆ ನಗುವಿನ ಸದ್ದು ಬರುತ್ತದೆ. ಉಳಿದವರಿಗೆ ಮಾಮೂಲಿ ಕಾರ್ಟೂನು. ಬಳಿಕ, ಹಾಕಿ ಪಂದ್ಯದ ನಂತರ ಊರಲ್ಲಿ ಗಲಭೆ ಎಬ್ಬಿಸಿದವರಿಗೆ ಎಷ್ಟು ದಂಡ ಹಾಕುತ್ತೀರಿ ಎಂದು ಕೇಳಿದರು. ಲಿಂಚ್ ನೋಡಿದವರು ಹೆಚ್ಚು ದಂಡ ಹೇಳಿದರು. ಲೋಕದ ಅರ್ಥ ಕದಡಿದಾಗ ಮನಸ್ಸು ‘ತಪ್ಪಿಗೆ ಶಿಕ್ಷೆ ಆಗಲೇಬೇಕು’ ಎಂಬ ಗಟ್ಟಿ ನೆಲವನ್ನು ಹುಡುಕುತ್ತದೆ ಎಂಬುದು ಅವರ ವಿವರಣೆ. ಇನ್ನೂ ತಮಾಷೆಯೆಂದರೆ, ಮೊದಲೇ ಪ್ಯಾರಾಸಿಟಮಾಲ್ ನುಂಗಿದ್ದವರಲ್ಲಿ ಈ ಪರಿಣಾಮ ಕಾಣಲಿಲ್ಲ. ಅರ್ಥ ಕೆಟ್ಟ ಕಸಿವಿಸಿಯನ್ನೂ ನೋವಿನ ಮಾತ್ರೆ ತಗ್ಗಿಸಿತ್ತು! ಇಂಥ ಸಣ್ಣ ಪ್ರಯೋಗಗಳು ಮತ್ತೆ ಮಾಡಿದಾಗ ಕೆಲವೊಮ್ಮೆ ಕೈಕೊಡುತ್ತವೆ, ಆದ್ದರಿಂದ ಸಿನಿಮಾಕ್ಕೆ ಮುಂಚೆ ಯಾರೂ ಮಾತ್ರೆ ನುಂಗಬೇಕಾಗಿಲ್ಲ. ಆದರೂ ಸೇಡಿನ ಕಥೆಗಳು ಪದೇ ಪದೇ ಕನಸಿನಂಥ ಲೋಕವನ್ನು ಏಕೆ ಆರಿಸಿಕೊಳ್ಳುತ್ತವೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ ಎಂದು ನನಗನಿಸುತ್ತದೆ. ಕಂಬ ಒಡೆದಾಗ ನಮ್ಮ ನೆಲವೂ ಬಿರಿಯುತ್ತದೆ. ತೀರ್ಪು ಆಗಿಬಿಡಲಿ ಎಂಬ ಆತುರ ಹುಟ್ಟುತ್ತದೆ.

ತೀರ್ಪಾದ ಮೇಲೆ ಸಮಾಧಾನ ಸಿಗುತ್ತದೆಯೇ? ಕೆವಿನ್ ಕಾರ್ಲ್‌ಸ್ಮಿತ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ್ದು ಉಲ್ಟಾ. ಮೋಸಗಾರನಿಗೆ ದಂಡ ಹಾಕಿದರೆ ಹಗುರಾಗುತ್ತೇವೆಂದು ನಂಬಿದವರು, ದಂಡ ಹಾಕಿದ ಮೇಲೆ ಅವನನ್ನೇ ಮೆಲುಕು ಹಾಕುತ್ತ ಇನ್ನಷ್ಟು ಬೇಸರಪಟ್ಟರು. ಸಿನಿಮಾ ಈ ಮೆಲುಕಿಗೆ ಮುಂಚೆಯೇ ತೆರೆ ಎಳೆಯುತ್ತದೆ. ಪುರಾಣ ಎಳೆಯುವುದಿಲ್ಲ. ಹಿರಣ್ಯಕಶಿಪು ಸತ್ತ ಮೇಲೂ ನರಸಿಂಹನ ಕೋಪ ಇಳಿಯದೆ ದೇವತೆಗಳೇ ಹತ್ತಿರ ಹೋಗಲು ಹೆದರಿ ಪ್ರಹ್ಲಾದನನ್ನು ಮುಂದೆ ಕಳಿಸಬೇಕಾಗುತ್ತದೆ. ಕೋಪ ಇಳಿದ ನರಸಿಂಹನೂ ಹತ್ತಿರದಲ್ಲೇ ಇದ್ದಾನೆ. ಅರಸೀಕೆರೆಯಿಂದ ಬಾಣಾವರದ ಮೇಲೆ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ ಸಿಗುತ್ತದೆ. ಅಲ್ಲಿನ ಹೊಯ್ಸಳ ಗುಡಿಯಲ್ಲಿ ಪೂಜೆಗೊಳ್ಳುವುದು ಲಕ್ಷ್ಮೀನರಸಿಂಹ. ರಾಕ್ಷಸ ಮಲಗಿದ್ದ ತೊಡೆಯ ಮೇಲೆ ಈಗ ಲಕ್ಷ್ಮಿ. ಬೇಲೂರಿನ ದೇವಾಲಯದ ಹೊರಗೋಡೆಯಲ್ಲೂ ಕರುಳು ಬಗೆಯುವವನಿದ್ದಾನೆ, 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಗರ್ಭಗುಡಿಯಲ್ಲಿ ಪ್ರತಿಷ್ಠಾಪಿಸಿದ್ದು ಮಾತ್ರ ಚೆಲುವ ಚೆನ್ನಿಗರಾಯನನ್ನು.

ಕೊನೆಗೆ ಮನೆಯವರು ಕೇಳುವ ಪ್ರಶ್ನೆ: ಇಂಥ ಚಿತ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? 2023ರ ತಿದ್ದುಪಡಿ ಕಾಯ್ದೆಯ ಬಳಿಕ ನಮ್ಮ ಸೆನ್ಸಾರ್ ಮಂಡಳಿ ಯುಎ ಪ್ರಮಾಣಪತ್ರವನ್ನು 7+, 13+, 16+ ಎಂದು ವಿಂಗಡಿಸಿದೆ. ಏಳು ಎಂಬುದು ಸುಮ್ಮನೆ ಬಂದ ಅಂಕಿಯಂತೆ ಕಾಣುವುದಿಲ್ಲ. ಅಮೆರಿಕದ ಜೋನ್ ಕ್ಯಾಂಟರ್ ಅವರ ಸಂಶೋಧನೆಯಂತೆ ತೀರಾ ಚಿಕ್ಕ ಮಕ್ಕಳು ಹೆದರುವುದು ಕಂಡದ್ದಕ್ಕೆ, ದೊಡ್ಡ ಮಕ್ಕಳು ಹೆದರುವುದು ಮುಂದೇನಾದೀತು ಎಂಬುದಕ್ಕೆ. ಟೀವಿಯ ‘ಹಲ್ಕ್’ ಧಾರಾವಾಹಿಯಲ್ಲಿ ಒಳ್ಳೆಯ ಮನುಷ್ಯನೊಬ್ಬ ಹಸಿರು ದೈತ್ಯನಾಗಿ ಜನರನ್ನು ಕಾಪಾಡಲು ಬಂದರೆ, ಇನ್ನೂ ಶಾಲೆಗೆ ಸೇರದ ಮಕ್ಕಳು ಅವನಿಗೇ ಹೆದರಿದ್ದರು. ಅವನು ಕಾಪಾಡುವವನೆಂಬುದು ಅವರಿಗೆ ತಟ್ಟಲೇ ಇಲ್ಲ. ನಾಲ್ಕರ ಕೂಸಿಗೆ ನರಸಿಂಹ ಪ್ರಹ್ಲಾದನನ್ನು ಕಾಯಲು ಬಂದವನೆಂದು ಎಷ್ಟು ಹೇಳಿದರೂ ಅಷ್ಟೆ. ಅದು ನೋಡುವುದು ಮುಖ ಬದಲಾದದ್ದನ್ನು. ಹಾಗಾಗಿ ಟ್ರೇಲರಿನಲ್ಲಿ ರಕ್ತ ಎಷ್ಟಿದೆ ಎಂದು ನೋಡುವುದರ ಜತೆಗೆ, ಯಾರಾದರೂ ಕಣ್ಣೆದುರೇ ಬೇರೆ ರೂಪ ತಾಳುತ್ತಾರೆಯೇ ಎಂದೂ ನೋಡಿಕೊಳ್ಳಿ. ತಾಳುವುದಾದರೆ ಅಂಚಿನ ಸೀಟು ತೆಗೆದುಕೊಳ್ಳಿ, ಎದ್ದು ಹೊರಗೆ ಹೋಗಲು ಸುಲಭ.