ಗಳಿಗೆ ಬಟ್ಟಲು ಮುಳುಗುವುದು ಯಾವಾಗ?

ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಮೆಲ್ಲಗೆ ತುಂಬಿ ಮುಳುಗುತ್ತದೆ. ಮುಳುಗುವ ಹೊತ್ತು ಯಾವ ಯಾವುದರ ಮೇಲೆ ನಿಂತಿದೆ, ಪತ್ತೆ ಹಚ್ಚಿ. ಇಂಟರ್‌ನ್ಯಾಷನಲ್ ಯಂಗ್ ಫಿಸಿಸಿಸ್ಟ್ಸ್ ಟೂರ್ನಮೆಂಟ್ ಎಂಬ ಜಾಗತಿಕ ಸ್ಪರ್ಧೆಗೆ 2020ರ ಸಾಲಿಗೆಂದು ಕೊಟ್ಟಿದ್ದ 17 ಪ್ರಶ್ನೆಗಳಲ್ಲಿ ಇದೂ ಒಂದು. ಹಿಂದೆ ಸ್ಯಾಕ್ಸನ್ ಜನ ಇಂಥ ಬಟ್ಟಲಿನಿಂದ ಹೊತ್ತು ಅಳೆಯುತ್ತಿದ್ದರೆಂಬ ಮಾತೂ ಪ್ರಶ್ನೆಯಲ್ಲಿತ್ತು. ನಮ್ಮ ಕಡೆಯ ಹಳಬರು ಇದನ್ನು ಕೇಳಿದರೆ ನಕ್ಕಾರು. ಮದುವೆಮನೆಯ ಮುಹೂರ್ತಕ್ಕೆ ಕಾಯುತ್ತಿದ್ದ ಗಳಿಗೆ ಬಟ್ಟಲು ತಾನೇ ಇದು!

ಹಗಲು ರಾತ್ರಿ ಸೇರಿ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ತಾಮ್ರದ ಪಾತ್ರೆಯ ತಳಕ್ಕೆ ತೂತು ಮಾಡಿ ಶುದ್ಧ ನೀರಿನಲ್ಲಿ ಬಿಟ್ಟರೆ ಅದು ದಿನಕ್ಕೆ 60 ಸಲ ಮುಳುಗಬೇಕು ಎಂದು ಸೂರ್ಯಸಿದ್ಧಾಂತ ಹೇಳುತ್ತದೆ. ತಾಮ್ರ ಇಲ್ಲದವರಿಗೆ ತೆಂಗಿನ ಚಿಪ್ಪಿತ್ತು. ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆಯ ತೋಟಗಳಲ್ಲಿ ಚಿಪ್ಪಿಗೇನು ಬರವೇ? ಆದರೆ ಭೌತಶಾಸ್ತ್ರದ ಲೆಕ್ಕದಲ್ಲಿ ತಾಮ್ರಕ್ಕಿಂತ ಚಿಪ್ಪೇ ತುಂಟ ಬಟ್ಟಲು.

ಸ್ಪರ್ಧೆಯ ರೀತಿಯೂ ಬೇರೆ. 1979ರಲ್ಲಿ ಮಾಸ್ಕೋದಲ್ಲಿ ಹುಟ್ಟಿ 1988ರಲ್ಲಿ ಅಂತರರಾಷ್ಟ್ರೀಯವಾದ ಈ ಪಂದ್ಯದಲ್ಲಿ ಪ್ರಶ್ನೆಪತ್ರಿಕೆಯಾಗಲಿ ಮೂರು ಗಂಟೆಯ ಗಡುವಾಗಲಿ ಇಲ್ಲ. ಪ್ರಶ್ನೆಗಳು ತಿಂಗಳುಗಟ್ಟಲೆ ಮುಂಚೆಯೇ ಸಿಗುತ್ತವೆ. ಐದು ಮಕ್ಕಳ ತಂಡ ಪ್ರಯೋಗ ಮಾಡಿ ತಯಾರಾಗಬೇಕು. ವೇದಿಕೆಯಲ್ಲಿ ಒಬ್ಬರು 12 ನಿಮಿಷದಲ್ಲಿ ತಮ್ಮ ಉತ್ತರ ಮಂಡಿಸುತ್ತಾರೆ, ಎದುರು ತಂಡದವರು ಅದರ ಹುಳುಕು ಹುಡುಕುತ್ತಾರೆ, ಮೂರನೇ ತಂಡದವರು ಇಬ್ಬರನ್ನೂ ತೂಗುತ್ತಾರೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು 1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. 10ರಿಂದ 17 ವರ್ಷದ ಮಕ್ಕಳು ತಮ್ಮೂರಿನದೇ ಸಮಸ್ಯೆ ಹಿಡಿದು ಜಿಲ್ಲೆ, ರಾಜ್ಯ, ದೇಶ ಎಂದು ಮೆಟ್ಟಿಲೇರಬಹುದು. ನಮ್ಮ ಜಿಲ್ಲೆಯದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದು, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿಯೂ ನಡೆಯುತ್ತದೆ. ಇಷ್ಟಿದ್ದೂ ಶಾಲೆಯ ವಸ್ತುಪ್ರದರ್ಶನಕ್ಕೆ ಹೋದರೆ ಎದುರಾಗುವುದು ಥರ್ಮಾಕೋಲ್ ಅಣೆಕಟ್ಟು, ಬಣ್ಣ ಬಳಿದ ಜ್ವಾಲಾಮುಖಿ. ನೋಡಲು ಚೆಂದ. ಅವುಗಳಿಗೆ ಬಹುಮಾನ ಕೊಡುವವರ ಮೇಲೆ ನನಗೆ ಸಣ್ಣ ಸಿಟ್ಟಿದೆ, ಇರಲಿ.

ಚಿಪ್ಪಿಗೆ ಬರೋಣ. ಕೊಬ್ಬರಿ ತೆಗೆಯಲು ಒಡೆದ ಚಿಪ್ಪು ಸೀಳಿರುತ್ತದೆ, ಬೇಡ. ಕಾಯಿಯನ್ನು ಗರಗಸದ ಬ್ಲೇಡಿನಿಂದ ಸಮನಾಗಿ ಕೊಯ್ದು, ಮೂರು ಕಣ್ಣಿಲ್ಲದ ಅರ್ಧವನ್ನು ಇಟ್ಟುಕೊಳ್ಳಬೇಕು. ಹೊರಗಿನ ನಾರನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಬೇಕು. ಇಲ್ಲದಿದ್ದರೆ ನಾರಿನಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಚಿಪ್ಪನ್ನು ಎತ್ತಿ ಹಿಡಿಯುತ್ತವೆ. 11 ಸೆಂಟಿಮೀಟರ್ ಅಗಲದ ಅರ್ಧ ಚಿಪ್ಪಿನೊಳಗೆ 350 ಮಿಲಿಲೀಟರ್ ನೀರು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅದು 24 ನಿಮಿಷಕ್ಕೆ ತುಂಬಬೇಕಾದರೆ ನಿಮಿಷಕ್ಕೆ ಸುಮಾರು 15 ಮಿಲಿಲೀಟರ್ ಒಳಬರಬೇಕು. ಲೆಕ್ಕ ಹಾಕಿದರೆ ತೂತು ಒಂದೂಕಾಲು ಮಿಲಿಮೀಟರಿನ ಆಸುಪಾಸು ಇರಬೇಕಾಗುತ್ತದೆ.

ನೀರು ಒಳಗೆ ನುಗ್ಗುವುದು ಏಕೆ? ಬಟ್ಟಲಿನ ಹೊರಗಿನ ನೀರು ಒಳಗಿನದಕ್ಕಿಂತ ಎತ್ತರದಲ್ಲಿದೆ, ಅದಕ್ಕೆ. ಈ ಎತ್ತರದ ವ್ಯತ್ಯಾಸ ನಾಲ್ಕು ಪಟ್ಟಾದರೆ ನುಗ್ಗುವ ವೇಗ ಎರಡು ಪಟ್ಟಾಗುತ್ತದೆ. 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಕಂಡುಕೊಂಡ ನಿಯಮವಿದು. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೂ, ಅಂದರೆ ಮಾರಿಕಣಿವೆ ಅಣೆಕಟ್ಟಿಗೂ, ಇದೇ ಲೆಕ್ಕ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ನೀರಿನ ಮಟ್ಟ 130 ಅಡಿ ದಾಟಿತ್ತು. ಅಷ್ಟು ನೀರಿನ ತಳದಲ್ಲೊಂದು ತೂತಿದ್ದರೆ ನೀರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಚಿಪ್ಪಿನಲ್ಲಿ ವ್ಯತ್ಯಾಸ ಎರಡೇ ಸೆಂಟಿಮೀಟರ್. ವೇಗ ಸೆಕೆಂಡಿಗೆ 60 ಸೆಂಟಿಮೀಟರ್.

ಅದೂ ಮೊದಮೊದಲು ಮಾತ್ರ. ನೇರ ಗೋಡೆಯ ಅಗಲ ಡಬ್ಬಿಯಾದರೆ ಒಳಗೂ ಹೊರಗೂ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಡಬ್ಬಿ ಒಂದೇ ವೇಗದಲ್ಲಿ ಇಳಿಯುತ್ತದೆ. ಚಿಪ್ಪು ಮೇಲೆ ಹೋದಂತೆ ಅಗಲವಾಗುತ್ತದೆ. ಅದರ ತೂಕವನ್ನು ಹೊರಲು ಅಗಲವಾದ ಜಾಗದಲ್ಲಿ ಸಣ್ಣ ವ್ಯತ್ಯಾಸವೇ ಸಾಕು. ಜೊತೆಗೆ ಇನ್ನೊಂದು ಕರಾಮತ್ತು: ಚಿಪ್ಪು ನೀರಿಗಿಂತ ತುಸುವೇ ಭಾರ. ಅದರ ಗೋಡೆ ನೀರಿನಲ್ಲಿ ಮುಳುಗಿದಷ್ಟೂ ತೇಲುವ ಬಲ ಸಿಕ್ಕಿ ತೂಕ ಕರಗುತ್ತದೆ. 70 ಗ್ರಾಂ ಚಿಪ್ಪು ಕೊನೆಯ ಹೊತ್ತಿಗೆ ಹದಿನೈದು ಗ್ರಾಮಿನ ಹಾಗೆ ವರ್ತಿಸಬಹುದು. ಆಗ ವ್ಯತ್ಯಾಸ ಎರಡು ಮಿಲಿಮೀಟರಿಗೂ ಕಡಿಮೆ, ವೇಗ ಮೊದಲಿನ ಮೂರನೇ ಒಂದು ಪಾಲು. ತಾಮ್ರ ನೀರಿಗಿಂತ ಸುಮಾರು ಒಂಬತ್ತು ಪಟ್ಟು ಭಾರವಾದ್ದರಿಂದ ಅದಕ್ಕೆ ಈ ಕಾಟವಿಲ್ಲ.

ಚಿಪ್ಪು ಶುರುವಾಗುವ ಮೊದಲೇ ಮುಷ್ಕರ ಹೂಡುವುದೂ ಉಂಟು. ಒಳಗೆ ಕೊಬ್ಬರಿಯ ಎಣ್ಣೆಜಿಡ್ಡು ಉಳಿದಿದ್ದರೆ ತೂತಿನ ಬಾಯಲ್ಲಿ ನೀರು ಗುಂಡಗೆ ಉಬ್ಬಿ ನಿಲ್ಲುತ್ತದೆ, ಹರಡುವುದಿಲ್ಲ. ಒಂದೂಕಾಲು ಮಿಲಿಮೀಟರಿನ ತೂತಿನಲ್ಲಿ ಮೇಲ್ಮೈ ಎಳೆತ ಎರಡು ಸೆಂಟಿಮೀಟರ್ ನೀರಿನ ಒತ್ತಡವನ್ನು ತಡೆಹಿಡಿಯಬಲ್ಲದು. ಚಿಪ್ಪಿಗೆ ಇರುವುದೂ ಅಷ್ಟೇ ಒತ್ತಡ! ಸೀಗೆಪುಡಿಯಿಂದ ತಿಕ್ಕಿ ಚೆನ್ನಾಗಿ ತೊಳೆದು, ತೂತನ್ನು ಒದ್ದೆ ಮಾಡಿ ಬಿಡುವುದು ಕ್ಷೇಮ. ಶುದ್ಧ ನೀರು ಬೇಕೆಂಬ ಹಳೆಯ ಮಾತಿಗೂ ಅರ್ಥವಿದೆ: ಒಂದು ಕಸ ಕೂತರೆ ಗಳಿಗೆ ಉದ್ದವಾಗುತ್ತದೆ. ನಮ್ಮ ಕಡೆಯ ಬೋರ್‌ವೆಲ್‌ಗಳ ಗಡಸು ನೀರಿನಲ್ಲಿ ದಿನವೂ ಬಳಸಿದರೆ ಸುಣ್ಣ ಕಟ್ಟಿ ತೂತೇ ಕಿರಿದಾದೀತು.

ಈಗ ತನಿಖೆ. ತೂತಿನ ಅಗಲ ಎರಡು ಪಟ್ಟಾದರೆ ಅದರ ವಿಸ್ತೀರ್ಣ ನಾಲ್ಕು ಪಟ್ಟು, ಮುಳುಗುವ ಹೊತ್ತು ಕಾಲು ಭಾಗಕ್ಕೆ ಇಳಿಯಬೇಕು. ದೊಡ್ಡ ತೂತುಗಳಲ್ಲಿ ಹೀಗೇ ಆಗುತ್ತದೆ. ಸಣ್ಣ ತೂತುಗಳಲ್ಲಿ ಲೆಕ್ಕ ಹೇಳಿದ್ದಕ್ಕಿಂತ ತಡವಾಗುತ್ತದೆ. ತಡ ಮಾಡುವವರು ಯಾರು? ಆರೋಪಿಗಳು ಇಬ್ಬರು: ತೂತಿನ ಗೋಡೆಗೆ ನೀರು ತಿಕ್ಕಿಕೊಂಡು ಸಾಗುವ ಸ್ನಿಗ್ಧತೆ, ಮತ್ತು ಆಗಲೇ ಹೇಳಿದ ಮೇಲ್ಮೈ ಎಳೆತ. ಇವರನ್ನು ಬೇರೆ ಬೇರೆ ಹಿಡಿಯುವ ದಾರಿ ಅಡುಗೆಮನೆಯಲ್ಲೇ ಇದೆ. ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಬಿಸಿ ಮಾಡಿದರೆ ಸ್ನಿಗ್ಧತೆ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ, ಮೇಲ್ಮೈ ಎಳೆತ ನೂರಕ್ಕೆ ನಾಲ್ಕೈದರಷ್ಟು ಮಾತ್ರ. ತಣ್ಣೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟರೆ ಮೇಲ್ಮೈ ಎಳೆತ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಸ್ನಿಗ್ಧತೆ ಬಹುತೇಕ ಇದ್ದಲ್ಲೇ ಇರುತ್ತದೆ. ಚಿತ್ರದುರ್ಗದ ಏಪ್ರಿಲ್ ಮಧ್ಯಾಹ್ನದಲ್ಲಿ ಮುಳುಗಿದ ಚಿಪ್ಪು ಡಿಸೆಂಬರ್ ಬೆಳಗಿನಲ್ಲಿ ಎಷ್ಟು ತಡ ಮಾಡುತ್ತದೆ ಎಂದು ನೋಡಿದರೆ ಬಿಸಿ ಮಾಡುವ ಖರ್ಚೂ ಉಳಿಯಿತು.

ಬಿಸಿನೀರಿನಲ್ಲಿ ಮಾತ್ರ ಹೊತ್ತು ಕಡಿಮೆಯಾದರೆ ಸ್ನಿಗ್ಧತೆ ಸಿಕ್ಕಿಬಿತ್ತು. ಸೋಪಿನಲ್ಲಿ ಮಾತ್ರ ಕಡಿಮೆಯಾದರೆ ಮೇಲ್ಮೈ ಎಳೆತ. ಎರಡರಲ್ಲೂ ಕಡಿಮೆಯಾದರೆ ಎದುರು ತಂಡದವರಿಗೆ ಹಬ್ಬ. ಯಾರ ಪಾಲು ಎಷ್ಟು ಎಂದು ಕೇಳದೆ ಅವರು ಬಿಡುವವರಲ್ಲ.